ಟ್ರ್ಯಾಕ್ ಕಾರು ಕಟ್ಟುವುದು ಹೇಗೆ: ಮೊದಲು ಬ್ರೇಕ್, ಆಮೇಲೆ ಇಂಜಿನ್

ರೇಸ್ ಟ್ರ್ಯಾಕಿನಲ್ಲಿ ಮಾತ್ರ ಓಡಿಸುವ ಟ್ರ್ಯಾಕ್ ಕಾರು ಕಟ್ಟಲು ಹೊರಟವರ ದುಡ್ಡು ಮೊದಲು ಸೈಲೆನ್ಸರ್‌ಗೆ ಹೋಗುತ್ತದೆ. ಆಮೇಲೆ ಇಂಜಿನ್ ಕಂಪ್ಯೂಟರ್ ತಿದ್ದುವ ರೀಮ್ಯಾಪ್‌ಗೆ, ಅಗಲದ ಅಲಾಯ್ ವೀಲ್‌ಗೆ. ಬ್ರೇಕ್ ಸರದಿ ಬರುವ ಹೊತ್ತಿಗೆ ಜೇಬು ಖಾಲಿ. ಅಂಥ ಕಾರು ಕೊಯಮತ್ತೂರಿನ ಕರಿ ಸ್ಪೀಡ್‌ವೇಯಲ್ಲಿ ನಾಲ್ಕು ಸುತ್ತು ಹೊಡೆಯುವಷ್ಟರಲ್ಲಿ ಪೆಡಲ್ ಮೆತ್ತಗಾಗಿ ಪಿಟ್‌ಗೆ (ಟ್ರ್ಯಾಕ್ ಪಕ್ಕದ ರಿಪೇರಿ ಜಾಗಕ್ಕೆ) ಬಂದು ನಿಲ್ಲುತ್ತದೆ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಹುಡುಗರ ಕಾರುಗಳಲ್ಲಿ ಇದನ್ನು ಮತ್ತೆ ಮತ್ತೆ ನೋಡಿದ್ದೇನೆ. ಹಾಗಾಗಿ ಇಲ್ಲಿ ಬ್ರೇಕ್‌ಗೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಯಾವ ಕಾರು?

ಹಗುರವಾಗಿರಬೇಕು, ಗೇರ್ ಕೈಯಲ್ಲೇ ಹಾಕುವಂತಿರಬೇಕು, ಪಾರ್ಟ್ಸ್ ಊರಲ್ಲೇ ಸಿಗಬೇಕು. ಹಳೆಯ ಹೋಂಡಾ ಸಿಟಿ ವಿಟೆಕ್, ಪೋಲೊ, ಸ್ವಿಫ್ಟ್ ಈ ಲೆಕ್ಕಕ್ಕೆ ಸರಿಹೋಗುತ್ತವೆ. ಪೋರ್ಷೆ ಕೇಮನ್ ಇದ್ದವರಿಗೂ ಕೆಲಸದ ಕ್ರಮ ಇದೇ, ಖರ್ಚು ಮಾತ್ರ ಹಲವು ಪಟ್ಟು.

ಒಂದು ಮಾತು ಮೊದಲೇ ತಿಳಿದಿರಲಿ. ಹೀಗೆ ಕಟ್ಟಿದ ಕಾರನ್ನು ರಸ್ತೆಯಲ್ಲಿ ಓಡಿಸುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ರೂಪವನ್ನು ನಮಗೆ ಬೇಕಾದ ಹಾಗೆ ಬದಲಾಯಿಸುವುದು ತಪ್ಪು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಸ್ಪಷ್ಟವಾಗಿ ಹೇಳಿತು. ಸಾಮಾನ್ಯ ವಿಮೆಗೆ ರೇಸ್ ಓಟ ಸೇರುವುದೂ ಇಲ್ಲ. ಕಾನೂನು ಪಕ್ಕಕ್ಕಿಟ್ಟರೂ, ಹೆಲ್ಮೆಟ್ ಇಲ್ಲದ ತಲೆಯ ಪಕ್ಕದಲ್ಲೇ ಉಕ್ಕಿನ ಪೈಪ್ ಇರುವ ಕಾರು ಪೇಟೆಯಲ್ಲಿ ಓಡಾಡುವುದು ಅಪಾಯ. ಟ್ರ್ಯಾಕ್‌ಗೆ ಲಾರಿಯ ಮೇಲೆ ಸಾಗಿಸುವ ಖರ್ಚನ್ನು ಶುರುವಿನಲ್ಲೇ ಲೆಕ್ಕಕ್ಕೆ ಹಿಡಿಯಿರಿ. ಶಿವಮೊಗ್ಗದಿಂದ ಬೆಂಗಳೂರೇ ಸುಮಾರು 300 ಕಿ.ಮೀ., ಕೊಯಮತ್ತೂರು, ಚೆನ್ನೈ ಇನ್ನೂ ದೂರ.

ಬಿಚ್ಚುವುದು, ತುಕ್ಕು ನೋಡುವುದು

ಸೀಟು, ಕಾರ್ಪೆಟ್, ಮೇಲ್ಚಾವಣಿ ಬಟ್ಟೆ, ಸ್ಪೀಕರ್ ಎಲ್ಲ ತೆಗೆಯಿರಿ. ನೆಲಕ್ಕೆ ಅಂಟಿಸಿದ ಡಾಂಬರಿನಂಥ ಹಾಳೆಯನ್ನು ಹೀಟ್ ಗನ್ ಹಿಡಿದು ಕೆರೆದರೆ ಬರುತ್ತದೆ.

ಆಮೇಲೆ ಬ್ಯಾಟರಿ ದೀಪ ಹಿಡಿದು ಕಾರಿನ ನೆಲ ನೋಡಿ. ಮಲೆನಾಡಿನ ಕಾರಿನಲ್ಲಿ ಈ ಕೆಲಸ ತಪ್ಪಿಸುವಂತಿಲ್ಲ. ಆಗುಂಬೆ ಕಡೆ ವರ್ಷಕ್ಕೆ 7,000 ಮಿ.ಮೀ.ಗೂ ಜಾಸ್ತಿ ಮಳೆ. ಮಳೆಗಾಲವಿಡೀ ಕಾರ್ಪೆಟ್ ಒದ್ದೆಯಾಗಿಯೇ ಇರುತ್ತದೆ. ಬಾಗಿಲ ಕೆಳಗಿನ ಪಟ್ಟಿ, ಸ್ಟೆಪ್ನಿ ಗುಂಡಿ, ಹಿಂದಿನ ಶಾಕ್ ಅಬ್ಸಾರ್ಬರ್ ಕೂರುವ ಜಾಗ, ಇವನ್ನು ಸ್ಕ್ರೂಡ್ರೈವರ್‌ನಿಂದ ಕುಟ್ಟಿ ನೋಡಿ. ಟಣ್ ಅಂದರೆ ಸರಿ. ತುದಿ ಒಳಗೆ ಇಳಿದರೆ ಆ ತಗಡನ್ನು ಕತ್ತರಿಸಿ ಹೊಸದು ಹಾಕಲೇಬೇಕು. ಮೇಲೆ ಪುಟ್ಟಿ ಬಳಿದು ಪೇಂಟ್ ಹೊಡೆಸಿ ಮಾರಿದ ಕಾರುಗಳು ಬೇಕಾದಷ್ಟಿವೆ. ಒಂದು ಆಯಸ್ಕಾಂತ ಜೇಬಿನಲ್ಲಿಟ್ಟುಕೊಂಡು ಹೋಗಿ. ಪುಟ್ಟಿ ದಪ್ಪಗಿರುವ ಕಡೆ ಅದು ಹಿಡಿಯುವುದಿಲ್ಲ.

ರೋಲ್ ಕೇಜ್

ಕಾರು ಮಗುಚಿದರೆ ಚಾವಣಿ ತಲೆಯ ಮೇಲೆ ಕುಸಿಯದಂತೆ ತಡೆಯುವ ಪೈಪಿನ ಪಂಜರ ಇದು. ಅಂತಾರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆ ಎಫ್‌ಐಎ ನಿಯಮದಲ್ಲಿ ಮುಖ್ಯ ಕಮಾನಿಗೆ 45 ಮಿ.ಮೀ. ಅಗಲ, 2.5 ಮಿ.ಮೀ. ದಪ್ಪದ (ಇಲ್ಲವೇ 50 ಮಿ.ಮೀ. ಅಗಲ, 2 ಮಿ.ಮೀ. ದಪ್ಪದ), ಹೊಲಿಗೆ ಇಲ್ಲದ ಪೈಪ್ ಬೇಕು. ಅಂಗಡಿಯಲ್ಲಿ ಸೀಮ್‌ಲೆಸ್ ಅಂತ ಕೇಳಿ, ಸರ್ಟಿಫಿಕೇಟ್ ತೆಗೆದುಕೊಳ್ಳಿ. ನೀರಿನ ಜಿಐ ಪೈಪ್ ಬೇಡವೇ ಬೇಡ. ಅದು ಹೊಲಿಗೆಯಲ್ಲೇ ಸೀಳುತ್ತದೆ. ಮೇಲಾಗಿ ಅದರ ಸತುವಿನ ಲೇಪ ವೆಲ್ಡಿಂಗ್ ಮಾಡುವಾಗ ವಿಷದ ಹೊಗೆ ಕಾರುತ್ತದೆ.

ಶಿವಮೊಗ್ಗ ಬಳಿಯ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಸುತ್ತ, ಭದ್ರಾವತಿಯಲ್ಲಿ ಒಳ್ಳೆಯ ವೆಲ್ಡರ್‌ಗಳಿಗೆ ಕೊರತೆಯಿಲ್ಲ. ಆದರೆ ಗೇಟು ಕಟ್ಟುವ ಕೈಗೆ ಕೇಜ್ ಕೊಡಬೇಡಿ. ಪರೀಕ್ಷೆ ಸುಲಭ. ಚಾವಣಿಗೆ ತಾಗಿರುವ ಜೋಡಣೆಯ ಮೇಲ್ಭಾಗಕ್ಕೆ ಬೆರಳು ಹಾಕಿ ಸವರಿ. ವೆಲ್ಡಿಂಗ್ ಪೈಪಿನ ಸುತ್ತ ಪೂರ್ತಿ ಬಂದಿರಬೇಕು. ಅಲ್ಲಿಗೆ ವೆಲ್ಡಿಂಗ್ ಟಾರ್ಚ್ ಹೋಗುವುದಿಲ್ಲ ಅಂತ ಎಷ್ಟೋ ಜನ ಕೆಳಗಿನ ಅರ್ಧ ಮಾತ್ರ ಬೆಸೆದು ಕೈ ತೊಳೆದುಕೊಳ್ಳುತ್ತಾರೆ. ಕೇಜನ್ನು ತಾತ್ಕಾಲಿಕವಾಗಿ ಕೆಳಗಿಳಿಸಿ, ಮೇಲ್ಭಾಗ ಬೆಸೆದು, ಮತ್ತೆ ಎತ್ತಿ ಪಾದ ಕೂರಿಸಬೇಕು. ಇದಕ್ಕೆ ಒಪ್ಪದ ವರ್ಕ್‌ಶಾಪ್ ಬಿಟ್ಟು ಬನ್ನಿ.

ಸೀಟು ಮೈ ಹಿಡಿದಿಡುವ ಗಟ್ಟಿ ಬಕೆಟ್ ಸೀಟೇ ಇರಲಿ, ಬೆಲ್ಟ್ ಆರು ಕಡೆ ಬಿಗಿಯುವ ಆರು ಪಾಯಿಂಟಿನದು. ನಾಲ್ಕು ಪಾಯಿಂಟಿನ ಬೆಲ್ಟಿನಲ್ಲಿ ಡಿಕ್ಕಿ ಹೊಡೆದಾಗ ಮೈ ಕೆಳಗೆ ಜಾರುತ್ತದೆ, ಪಟ್ಟಿ ಹೊಟ್ಟೆಗೆ ಏರುತ್ತದೆ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ನಕಲಿ ರೇಸಿಂಗ್ ಬೆಲ್ಟ್‌ಗಳಲ್ಲಿ ಲೇಬಲ್ ಕೂಡ ನಕಲಿ. ಅವು ಶೋಕಿಗೂ ಬೇಡ.

ಬ್ರೇಕ್

ಕಷ್ಟದ ಕೆಲಸ ಇದು. ‘ಘಾಟಿ ಇಳಿಸಿ ನೋಡಿದ್ದೀನಿ, ಬ್ರೇಕ್ ಚೆನ್ನಾಗಿದೆ’ ಅನ್ನುವವರು ತುಂಬಾ ಜನ. ಘಾಟಿಯಲ್ಲಿ ನಾವು ಎರಡನೇ ಗೇರಿನಲ್ಲಿ 30–40ರ ವೇಗದಲ್ಲಿ ಇಳಿಯುತ್ತೇವೆ, ಅಲ್ವಾ? ಟ್ರ್ಯಾಕಿನ ಲೆಕ್ಕವೇ ಬೇರೆ. 1,000 ಕೆ.ಜಿ. ಕಾರು 150ರ ವೇಗದಿಂದ 60ಕ್ಕೆ ಇಳಿಯುವಾಗ ಸುಮಾರು 730 ಕಿಲೋಜೂಲ್ ಶಾಖ ಹುಟ್ಟುತ್ತದೆ. ಎರಡು ಲೀಟರ್ ತಣ್ಣೀರು ಕುದಿಯಲು ಅಷ್ಟು ಸಾಕು. ಇದೆಲ್ಲ ಆಗುವುದು ಮೂರ್ನಾಲ್ಕು ಸೆಕೆಂಡಿನಲ್ಲಿ. ಅದರ ಹೆಚ್ಚಿನ ಪಾಲು ಮುಂದಿನ ಎರಡು ಡಿಸ್ಕ್‌ಗೆ. ತಲಾ ಐದು ಕೆ.ಜಿ. ಡಿಸ್ಕ್ ಆದರೆ ಒಂದೊಂದು ಸಲ ಒತ್ತಿದಾಗಲೂ ಸುಮಾರು 100 ಡಿಗ್ರಿ ಬಿಸಿ ಏರುತ್ತದೆ. ಕರಿ ಟ್ರ್ಯಾಕ್ ಒಂದು ಸುತ್ತಿಗೆ 2.1 ಕಿ.ಮೀ. ಮಾತ್ರ. ಡಿಸ್ಕ್ ಆರುವ ಮೊದಲೇ ಮುಂದಿನ ತಿರುವು ಬಂದಿರುತ್ತದೆ.

ಈ ಬಿಸಿ, ಪ್ಯಾಡನ್ನು ಡಿಸ್ಕ್‌ಗೆ ಒತ್ತುವ ಕ್ಯಾಲಿಪರ್ ಮೂಲಕ ಬ್ರೇಕ್ ಆಯಿಲ್‌ಗೆ ತಲುಪುತ್ತದೆ. ಆಯಿಲ್ ಕುದ್ದರೆ ಆವಿಯ ಗುಳ್ಳೆ ಏಳುತ್ತದೆ. ಆವಿ ಅಮುಕಿದರೆ ಕುಗ್ಗುತ್ತದೆ, ಒತ್ತಡ ಪ್ಯಾಡ್‌ವರೆಗೆ ಹೋಗುವುದೇ ಇಲ್ಲ.

ಮಲೆನಾಡಿನವರಿಗೆ ತೊಂದರೆ ಇಲ್ಲೇ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯದೆ ತಡೆಯಬೇಕು. ಅದೇ ಆಯಿಲ್‌ನಲ್ಲಿ ನೂರಕ್ಕೆ 3.7 ಪಾಲು ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3 ಆದರೆ 205ರಿಂದ 140ಕ್ಕೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ಊರಿನಲ್ಲಿ, ಅರ್ಧ ಖಾಲಿ ಡಬ್ಬಿಯನ್ನು ಗ್ಯಾರೇಜಿನ ಹಲಗೆ ಮೇಲಿಟ್ಟು ಆರು ತಿಂಗಳ ನಂತರ ಸುರಿಯುತ್ತಾರೆ. ಸೀಲ್ ಒಡೆದ ಡಬ್ಬಿ ಯಾರು ಕೊಟ್ಟರೂ ಬೇಡ ಅನ್ನಿ. ಅರ್ಧ ಲೀಟರಿನ ಸಣ್ಣ ಡಬ್ಬಿಗಳನ್ನೇ ಕೊಳ್ಳಿ, ನಿಮ್ಮ ಕಣ್ಣೆದುರೇ ತೆರೆಸಿ. 300 ಡಿಗ್ರಿ ದಾಟುವ ರೇಸಿಂಗ್ ಡಾಟ್ 4 ಸಿಕ್ಕರೆ ಅದನ್ನೇ ಹಾಕಿ. ಡಾಟ್ 5 ಅಂತ ಬರುವ ಸಿಲಿಕಾನ್ ಆಯಿಲ್ ದೊಡ್ಡ ನಂಬರು ಅಂತ ಸುಮ್ನೆ ತರಬೇಡಿ. ಅದು ಬೇರೆ ಜಾತಿ, ಇದರ ಜೊತೆ ಬೆರೆಯುವುದಿಲ್ಲ. ಡಾಟ್ 5.1 ಆದರೆ ಪರವಾಗಿಲ್ಲ.

ಹಳೆ ಆಯಿಲ್, ಗಾಳಿ ಹೊರಹಾಕುವ ಬ್ಲೀಡಿಂಗ್ ಹೀಗೆ. ನಾಲ್ಕೂ ಚಕ್ರ ಬಿಚ್ಚಿ, ಕಾರನ್ನು ಸ್ಟ್ಯಾಂಡ್ ಮೇಲೆ ಕೂರಿಸಿ. ಜ್ಯಾಕ್ ಒಂದನ್ನೇ ನಂಬಿ ಕೆಳಗೆ ತೂರಬೇಡಿ. ಹಿಂದಿನ ರಾತ್ರಿಯೇ ಆಯಿಲ್ ಹೊರಬಿಡುವ ನಿಪ್ಪಲ್‌ಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ನಮ್ಮ ಕಡೆ ಅವು ಹಿಡಿದುಕೊಂಡೇ ಇರುತ್ತವೆ, ಬಲ ಹಾಕಿದರೆ ಮುರಿಯುತ್ತವೆ. ಬಿಚ್ಚಲು ರಿಂಗ್ ಸ್ಪ್ಯಾನರೇ ಬೇಕು. ಕಾರಿನ ಬ್ರೇಕ್ ಆಯಿಲ್ ಡಬ್ಬಿಯಲ್ಲಿರುವ ಹಳೆ ಆಯಿಲನ್ನು ಸಿರಿಂಜಿನಲ್ಲಿ ಹೀರಿ, ಹೊಸದು ತುಂಬಿ. ನಿಪ್ಪಲ್‌ಗೆ ಪಾರದರ್ಶಕ ಟ್ಯೂಬ್ ಸಿಕ್ಕಿಸಿ, ಇನ್ನೊಂದು ತುದಿ ಬಾಟಲಿಯ ಆಯಿಲ್‌ನಲ್ಲಿ ಮುಳುಗಿರಲಿ.

ಪೆಡಲ್ ಒತ್ತುವವರಿಗೆ ಅವಸರ ಇರಬಾರದು. ನಿಧಾನ ಒತ್ತಿ ಹಿಡಿಯಬೇಕು. ಕೆಳಗಿನವರು ನಿಪ್ಪಲ್ ಕಾಲು ಸುತ್ತು ಸಡಿಲಿಸಬೇಕು, ಆಯಿಲ್ ಹರಿಯುತ್ತಿದ್ದಂತೆ ಬಿಗಿಯಬೇಕು, ಆಮೇಲೆ ‘ಬಿಡು’ ಅನ್ನಬೇಕು. ಬಿಗಿಯುವ ಮೊದಲೇ ಪೆಡಲ್ ಬಿಟ್ಟರೆ ಗಾಳಿ ಒಳಗೆ ಬರುತ್ತದೆ. ಹಳೆ ಕಾರಿನಲ್ಲಿ ಪೆಡಲ್ ಕೆಳಗೆ ಒಂದು ಮರದ ತುಂಡು ಇಡಿ. ಯಾವತ್ತೂ ಪಿಸ್ಟನ್ ಹೋಗದ ಜಾಗದಲ್ಲಿ ಪೆಡಲ್ ಒತ್ತಡವನ್ನು ಆಯಿಲ್‌ಗೆ ಕೊಡುವ ಮಾಸ್ಟರ್ ಸಿಲಿಂಡರ್ ಒಳಗೆ ಗಸಿ ಕಟ್ಟಿರುತ್ತದೆ. ನೆಲದವರೆಗೆ ಒತ್ತಿದರೆ ಅದು ರಬ್ಬರ್ ಸೀಲ್ ಕೊಯ್ದುಬಿಡುತ್ತದೆ. ಕ್ಯಾಲಿಪರನ್ನು ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಅಡಗಿದ ಗುಳ್ಳೆ ಹೊರಬರುತ್ತದೆ. ಟ್ಯೂಬಿನಲ್ಲಿ ಕಂದು ಬಣ್ಣ ಹೋಗಿ ತಿಳಿ ಹಳದಿ ಬರುವವರೆಗೆ ಮುಂದುವರಿಸಿ. ನಡುನಡುವೆ ಡಬ್ಬಿ ನೋಡುತ್ತಿರಿ, ಬರಿದಾದರೆ ಮೊದಲಿನಿಂದ ಶುರು.

ಯಾವ ಚಕ್ರ ಮೊದಲು? ದೂರದ್ದು ಮೊದಲು ಅನ್ನುವುದು ರೂಢಿ, ಆದರೆ ಹೋಂಡಾದ ಎಷ್ಟೋ ಕಾರುಗಳಲ್ಲಿ ಮುಂದಿನಿಂದ ಶುರು. ನಿಮ್ಮ ಕಾರಿನ ಮ್ಯಾನುಯಲ್ ಹೇಳಿದ್ದೇ ಕೊನೆ ಮಾತು. ಎಲ್ಲ ಮುಗಿದರೂ ಪೆಡಲ್ ಮೆತ್ತಗಿದ್ದರೆ ಕ್ಯಾಲಿಪರ್ ಎಡ ಬಲ ಅದಲು ಬದಲಾಗಿದೆಯಾ ನೋಡಿ. ನಿಪ್ಪಲ್ ಯಾವಾಗಲೂ ಮೇಲ್ತುದಿಯಲ್ಲಿರಬೇಕು. ಕೆಳಗಿದ್ದರೆ ದಿನವಿಡೀ ಒತ್ತಿದರೂ ಮೇಲಿನ ಗಾಳಿ ಹೊರಗೆ ಬರುವುದಿಲ್ಲ. ಎಬಿಎಸ್ ಒಳಗೆ ಗಾಳಿ ಸೇರಿದ್ದರೆ ಸ್ಕ್ಯಾನರ್ ಹಾಕಿ ಪಂಪ್ ಓಡಿಸಬೇಕಾಗುತ್ತದೆ. ಬಾಡಿ ಮೇಲೆ ಚೆಲ್ಲಿದ ಆಯಿಲನ್ನು ಕೂಡಲೇ ನೀರು ಸುರಿದು ತೊಳೆಯಿರಿ, ಪೇಂಟ್ ತಿನ್ನುತ್ತದೆ.

ಪ್ಯಾಡ್ ಟ್ರ್ಯಾಕಿನದ್ದೇ ಇರಲಿ. ರಸ್ತೆಯ ಪ್ಯಾಡ್ ಈ ಬಿಸಿಗೆ ಹಿಡಿತ ಬಿಡುತ್ತದೆ. ರಬ್ಬರ್ ಹೋಸ್ ಬದಲು ಸ್ಟೀಲ್ ಹೆಣೆದ ಹೋಸ್ ಹಾಕಿ. ತೂತು ಕೊರೆದ ಡಿಸ್ಕ್ ನೋಡಲು ಚೆಂದ, ತೂತಿನ ಅಂಚಿನಿಂದಲೇ ಬಿರುಕು ಬಿಡುತ್ತದೆ. ನಾನಂತೂ ಸಾದಾ ಡಿಸ್ಕ್ ಬಿಟ್ಟು ಬೇರೆ ಹಾಕಿಸುವುದಿಲ್ಲ. ಬಂಪರಿನಿಂದ ಮೂರು ಇಂಚಿನ ಪೈಪ್ ಎಳೆದು ಡಿಸ್ಕಿನ ನಡುಭಾಗಕ್ಕೆ ಗಾಳಿ ಕೊಡಿ. ಒಂದೇ ಮುಖಕ್ಕೆ ಬೀಸಿದರೆ ಇನ್ನೊಂದು ಮುಖ ಬಿಸಿಯಾಗಿಯೇ ಉಳಿಯುತ್ತದೆ.

ಸಸ್ಪೆನ್ಷನ್, ಇಂಜಿನ್

ಸ್ಪ್ರಿಂಗ್ ಕತ್ತರಿಸುವುದು ಬೇಡ. ಒಳ್ಳೆಯ ಡ್ಯಾಂಪರ್ (ಶಾಕ್ ಅಬ್ಸಾರ್ಬರ್), ಅದಕ್ಕೆ ಹೊಂದುವ ಸ್ಪ್ರಿಂಗ್, ಹೊಸ ಬುಷ್ ಹಾಕಿ. ಮುಂದಿನ ಚಕ್ರಕ್ಕೆ ಎರಡೂವರೆ ಡಿಗ್ರಿ ನೆಗೆಟಿವ್ ಕ್ಯಾಂಬರ್‌ನಿಂದ (ಚಕ್ರದ ಮೇಲ್ತುದಿ ಒಳಕ್ಕೆ ವಾಲುವುದು) ಶುರು ಮಾಡಿ, ಟೈರಿನ ಸವೆತ ನೋಡಿ ತಿದ್ದಿ. ಇಂಜಿನ್ ಪವರ್ ಹೆಚ್ಚಿಸಲು ಹೋಗಲೇಬೇಡಿ. ಹೊಸ ಆಯಿಲ್, ಹೊಸ ಕೂಲೆಂಟ್, ಹೊಸ ಬೆಲ್ಟ್, ಆಯಿಲ್ ಪ್ಯಾನ್ ಒಳಗೆ ಅಡ್ಡ ತಗಡು, ಇಷ್ಟೇ. ಉದ್ದ ತಿರುವಿನಲ್ಲಿ ಆಯಿಲ್ ಒಂದು ಕಡೆ ಸರಿದರೆ ಪಂಪ್ ಗಾಳಿ ಎಳೆಯುತ್ತದೆ, ಬೇರಿಂಗ್ ಸುಡುತ್ತದೆ. ಆ ತಗಡು ಅದನ್ನು ತಡೆಯುತ್ತದೆ.

ಮೊದಲ ದಿನ ಟ್ರ್ಯಾಕಿನಲ್ಲಿ

ಹೊಸ ಪ್ಯಾಡನ್ನು ಊರ ರಸ್ತೆಯಲ್ಲಿ ಪಳಗಿಸಬೇಡಿ. ಟ್ರ್ಯಾಕಿನ ಮೊದಲ ಸುತ್ತುಗಳಲ್ಲಿ, ಹಿಂದೆ ಯಾರೂ ಇಲ್ಲದಾಗ 100ರಿಂದ 30ಕ್ಕೆ ಹಲವು ಸಲ ಇಳಿಸಿ. ಪ್ರತಿ ಸಲ ಸ್ವಲ್ಪ ಜೋರು, ಆದರೆ ಪೂರ್ತಿ ನಿಲ್ಲಿಸಬಾರದು. ಆಮೇಲೆ ಬ್ರೇಕ್ ಮುಟ್ಟದೆ ಒಂದು ಸುತ್ತು ಹೊಡೆದು ಪಿಟ್‌ಗೆ ಬನ್ನಿ. ಹ್ಯಾಂಡ್ ಬ್ರೇಕ್ ಎಳೆಯಬೇಡಿ, ಚಕ್ರಕ್ಕೆ ಕಟ್ಟಿಗೆ ಕೊಡಿ. ಕಾದ ಡಿಸ್ಕಿಗೆ ಪ್ಯಾಡ್ ಅಂಟಿದರೆ ಆ ಗುರುತು ಉಳಿದು ಬ್ರೇಕ್ ನಡುಗುತ್ತದೆ. ಚಕ್ರದ ನಟ್‌ಗಳನ್ನು ಟಾರ್ಕ್ ರೆಂಚ್‌ನಿಂದ ಮತ್ತೆ ನೋಡಿ, ಟೈರಿನ ಗಾಳಿಯನ್ನು ಬಿಸಿ ಇರುವಾಗಲೇ ಅಳೆದು ಬರೆದಿಡಿ.

ಊರಿಗೆ ಬಂದ ಮೇಲೆ ಒಂದು ನಿಪ್ಪಲ್ ತೆರೆದು ಆಯಿಲ್ ಬಣ್ಣ ನೋಡಿ. ಕಪ್ಪಾಗಿದ್ದರೆ ಮತ್ತೆ ಬ್ಲೀಡ್ ಮಾಡಿ. ಮಳೆಗಾಲ ಪೂರ್ತಿ ಕಾರು ನಿಂತಿದ್ದರೆ ಬಣ್ಣ ಹೇಗಿದ್ದರೂ ಅಕ್ಟೋಬರ್‌ನಲ್ಲಿ ಅಷ್ಟೂ ಆಯಿಲ್ ಬದಲಾಯಿಸಿ, ಆಮೇಲೆ ಟ್ರ್ಯಾಕ್‌ಗೆ ಲಾರಿ ಹೇಳಿ.