ಮೀಟರ್ ನುಂಗಿದ ಅರ್ಧ ವೋಲ್ಟೇಜ್

ಗಂಗಾವತಿಯಲ್ಲಿ ಮಕ್ಕಳಿಗೆ ಸಸ್ಯಶಾಸ್ತ್ರ ಕಲಿಸುತ್ತೇನೆ. ಜೀವಂತ ಕೋಶದೊಳಗಿನ ವಿದ್ಯುತ್ತನ್ನು ಅವರ ಕಣ್ಣೆದುರೇ ಅಳೆಯಬೇಕು ಅನ್ನೋದು ನನ್ನ ಬಹಳ ದಿನದ ಆಸೆ. 1949ರಲ್ಲಿ ಲಿಂಗ್ ಮತ್ತು ಜೆರಾರ್ಡ್ ಎಂಬ ವಿಜ್ಞಾನಿಗಳು ಗಾಜಿನ ಸೂಕ್ಷ್ಮ ಸೂಜಿಯಿಂದ ಕಪ್ಪೆಯ ಸ್ನಾಯುವಿನಲ್ಲಿ ಅಳೆದಿದ್ದರು. ಕಪ್ಪೆ ಕೊಯ್ಯಲು ನನಗೆ ಮನಸ್ಸಿರಲಿಲ್ಲ.

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಿಂತ ಭತ್ತದ ಗದ್ದೆಯಲ್ಲಿ ಕಾರಾ ಪಾಚಿ ಸಿಕ್ಕಿತು. ಹಿಸುಕಿದರೆ ಬೆಳ್ಳುಳ್ಳಿಯಂಥ ವಾಸನೆ. ಎರಡು ಗೆಣ್ಣುಗಳ ನಡುವೆ ಸೆಂಟಿಮೀಟರ್‌ಗಟ್ಟಲೆ ಉದ್ದದ ಒಂದೇ ಕೋಶ! ಮೇಲೆ ಸಿಪ್ಪೆಯಂಥ ಪದರ ಇಲ್ಲದ ಜಾತಿಯನ್ನೇ ಆರಿಸಿಕೊಳ್ಳಬೇಕು.

ಗಾಜಿನ ಕೊಳವೆಗೆ ಕೆಳಗೆ ತೂಕ ಕಟ್ಟಿ, ನೈಕ್ರೋಮ್ ತಂತಿಯ ಸುರುಳಿಯಲ್ಲಿ ಕಾಯಿಸಿ, ಸೂಜಿಯಷ್ಟು ಚೂಪಾಗುವಂತೆ ಎಳೆದೆ. ಒಳಗೆ ವಿದ್ಯುತ್ ಹರಿಯಲೆಂದು ಪೊಟ್ಯಾಸಿಯಂ ಕ್ಲೋರೈಡ್ ಎಂಬ ಉಪ್ಪಿನ ಗಾಢ (3 ಮೋಲಾರ್) ದ್ರಾವಣ ತುಂಬಿದೆ. ಆ ದ್ರಾವಣವನ್ನು ಮೀಟರಿಗೆ ಜೋಡಿಸುವ ಬೆಳ್ಳಿ ತಂತಿಯನ್ನು ಪತ್ತಾರರು ಎಳೆದುಕೊಟ್ಟರು. ತಾಮ್ರ ಬೆರೆಸದ ಬೆಳ್ಳಿಯೇ ಬೇಕು ಅಂತ ಮೊದಲೇ ಹೇಳಿದ್ದೆ. ಅದನ್ನು ಬ್ಲೀಚ್‌ನಲ್ಲಿ ಅದ್ದಿಟ್ಟರೆ ಕಪ್ಪು ಬೂದು ಬಣ್ಣ ಹಿಡಿಯುತ್ತದೆ. ಹಾಗೆ ಹಿಡಿದರೇ ಅಳತೆ ಅಲುಗದೆ ನಿಲ್ಲುವುದು. ನಮ್ಮ ಬೇಸಿಗೆ ಗೊತ್ತಲ್ವಾ, ಸೂಜಿಯನ್ನು ಸುಮ್ನೆ ಹೊರಗಿಟ್ಟರೆ ತುದಿಯಲ್ಲಿ ಉಪ್ಪು ಕಟ್ಟಿಬಿಡುತ್ತದೆ. ಮುಚ್ಚಳವಿರುವ ಡಬ್ಬಿಯಲ್ಲಿ ಒದ್ದೆ ಹತ್ತಿಯ ಜೊತೆ ಇಡುತ್ತಿದ್ದೆ.

ಚುಚ್ಚಿದಾಗ ಮಲ್ಟಿಮೀಟರ್ ತೋರಿಸಿದ್ದು ಮೈನಸ್ 80 ಮಿಲಿವೋಲ್ಟ್. ಕಾರಾದಲ್ಲಿ ಇದಕ್ಕಿಂತ ತುಂಬಾ ಜಾಸ್ತಿ ಇರಬೇಕು. ಕೋಶ ಸೊರಗಿದೆ ಅಂದುಕೊಂಡು ದಿನಾ ಹೊಸ ಪಾಚಿ ತಂದೆ. ಆದರೂ ಅಷ್ಟೇ. ಕೊನೆಗೆ ಕೋಶವನ್ನು ಪಕ್ಕಕ್ಕಿಟ್ಟು, ಅದೇ ಸೂಜಿಯ ಮೂಲಕ 100 ಮಿಲಿವೋಲ್ಟ್ ಕೊಟ್ಟು ನೋಡಿದೆ. ಮೀಟರ್ 50 ಅಂದಿತು!

ಆಗ ಹೊಳೆಯಿತು. ಸೂಜಿಯ ರೋಧ ಸುಮಾರು 10 ಮೆಗಾಓಮ್, ಮೀಟರಿನ ಒಳರೋಧವೂ 10. ಇದ್ದ ವೋಲ್ಟೇಜನ್ನು ಎರಡೂ ಸಮಪಾಲು ಮಾಡಿಕೊಂಡಿದ್ದವು. ಪಾಚಿಯದು ಏನೂ ತಪ್ಪಿರಲಿಲ್ಲ. ಸೂಜಿಗೂ ಮೀಟರಿಗೂ ನಡುವೆ ಸಿಎ3140 ಎಂಬ ಆಂಪ್ಲಿಫೈಯರ್ ಚಿಪ್ ಹಾಕಿದೆ. ಅದರ ಒಳರೋಧ ಮೆಗಾಓಮ್‌ನ ಲಕ್ಷಗಟ್ಟಲೆ ಪಟ್ಟು, ಹಾಗಾಗಿ ಕೋಶದಿಂದ ಏನನ್ನೂ ಎಳೆದುಕೊಳ್ಳುವುದಿಲ್ಲ ಅನ್ನಬಹುದು. ಕರೆಂಟಿನ 50 ಹರ್ಟ್ಜ್ ಗಲಾಟೆ ತಡೆಯಲು ಸುತ್ತ ಕಬ್ಬಿಣದ ಜಾಲರಿ ಕಟ್ಟಿ ಅರ್ಥ್ ಮಾಡಿದೆ.

ಮತ್ತೆ ಚುಚ್ಚಿ ಅರ್ಧ ಗಂಟೆ ಕಾದೆ. ಗಾಯ ಮಾಯಬೇಕಲ್ಲ. ಮೈನಸ್ 160ಕ್ಕೆ ಬಂದು ನಿಂತಿತು.

ಒಬ್ಬ ಹುಡುಗಿ ಕೋಶದ ತುದಿಯನ್ನು ಗಾಜಿನ ಕಡ್ಡಿಯಿಂದ ತಟ್ಟಿದಳು. ವೋಲ್ಟೇಜ್ ಸರ್ರನೆ ಸೊನ್ನೆಯ ಕಡೆ ಏರಿತು, ಕೆಲವು ಸೆಕೆಂಡಿನಲ್ಲಿ ಇಳಿಯಿತು. ಮೈಕ್ರೋಸ್ಕೋಪಿನಲ್ಲಿ ಅಷ್ಟು ಹೊತ್ತು ಹರಿಯುತ್ತಿದ್ದ ಕೋಶರಸ ಗಕ್ಕನೆ ನಿಂತಿತ್ತು. ಕೋಶರಸದಲ್ಲಿ ಕ್ಯಾಲ್ಸಿಯಂ ಏರಿದಾಗ ಹಾಗಾಗುತ್ತದೆ. ಅವಳು ಕಣ್ಣು ತೆಗೆಯದೆ ಕೂತಳು. ಸ್ವಲ್ಪ ಹೊತ್ತಿಗೆ, "ಸರ್, ಒಂದು ಕಣ ಅಲುಗಿತು" ಅಂದಳು.