ಕಥೆ ನಿಮ್ಮದು, ಚಿತ್ರ ಯಾರದು?

ಮಡಿಕೇರಿ, ವಿರಾಜಪೇಟೆ ಕಡೆ ಮಕ್ಕಳಿಗಾಗಿ ಬರೆಯುವ ಮೇಷ್ಟ್ರು, ಟೀಚರ್‌ಗಳು ನನ್ನನ್ನು ಹೆಚ್ಚಾಗಿ ಕೇಳುವುದು ಒಂದೇ ಪ್ರಶ್ನೆ: "ಕಥೆ ರೆಡಿ ಇದೆ, ಚಿತ್ರ ಬರೆಸಲು ಯಾರನ್ನು ಹಿಡಿಯಲಿ?"

ಯಾರನ್ನೂ ಹಿಡಿಯಬೇಡಿ. ಕಥೆ ಒಪ್ಪಿಗೆಯಾದ ಮೇಲೆ ಕಲಾವಿದರನ್ನು ಗೊತ್ತು ಮಾಡುವುದು, ಸಂಭಾವನೆ ಕೊಡುವುದು ಸಾಮಾನ್ಯವಾಗಿ ಪ್ರಕಾಶಕರ ಕೆಲಸ. ಕೈಯಿಂದ ದುಡ್ಡು ಹಾಕಿ ಚಿತ್ರ ಬರೆಸಿ ಕಳಿಸಿದಿರಿ ಅನ್ನಿ. ಕಥೆ ಹಿಡಿಸಿ ಚಿತ್ರ ಹಿಡಿಸದಿದ್ದರೆ ಸಂಪಾದಕರಿಗೆ ಇಕ್ಕಟ್ಟು, ನಿಮಗೆ ನಷ್ಟ. ಪತ್ರಿಕೆಗಳಿಗಾದರೆ ಬರೀ ಕಥೆ ಕಳಿಸಿದರೆ ಸಾಕು.

ಮೊದಲು ಕಥೆಯನ್ನು ಪುಟಗಳಾಗಿ ಒಡೆದು ನೋಡಿ. ಅಚ್ಚಿನ ದೊಡ್ಡ ಹಾಳೆಯನ್ನು ಮಡಚಿ ಕತ್ತರಿಸುವುದರಿಂದ ಚಿತ್ರಪುಸ್ತಕಗಳು ಹೆಚ್ಚಾಗಿ 16, 24, 32 ಪುಟ ಇರುತ್ತವೆ. ನಾಲ್ಕು ಎ4 ಹಾಳೆ ಜೋಡಿಸಿ ನಡುವೆ ಮಡಚಿ ಪಿನ್ ಹೊಡೆದರೆ 16 ಪುಟದ ಪುಸ್ತಕ ಕೈಗೆ ಬಂತು. ಅದರಲ್ಲಿ ಪೆನ್ಸಿಲ್‌ನಿಂದ ಕಥೆ ಬರೆಯುತ್ತಾ ಹೋಗಿ. ಯಾವ ಪುಟಕ್ಕೆ ಚಿತ್ರವೇ ಹುಟ್ಟುವುದಿಲ್ಲ, ಎಲ್ಲಿ ನಾಲ್ಕು ಪುಟ ಉದ್ದಕ್ಕೂ ಅದೇ ಅಡುಗೆಮನೆ ಅನ್ನುವುದು ಅಲ್ಲೇ ಬಯಲಾಗುತ್ತದೆ. ಇದು ನಿಮಗಾಗಿ ಮಾಡಿಕೊಂಡದ್ದು, ಕಳಿಸಬೇಕಿಲ್ಲ.

ಆಮೇಲೆ ಚಿತ್ರಸೂಚನೆ. ಹೊಸಬರು ಎಡವುವುದು ಇಲ್ಲೇ. "ಅಜ್ಜಿಗೆ ನೀಲಿ ಸೀರೆ, ಬಲಗಡೆ ಬೆಕ್ಕು, ಕಿಟಕಿಯಲ್ಲಿ ಹೂಕುಂಡ" ಎಂದೆಲ್ಲ ಬರೆದು ಕಲಾವಿದರ ಕೈ ಕಟ್ಟಬೇಡಿ. ಅವರೂ ಕಥೆ ಹೇಳುವವರೇ. ಮಾತಿನಲ್ಲಿಲ್ಲದ್ದು ಚಿತ್ರದಲ್ಲಿ ಇರಲೇಬೇಕಾದಾಗ ಮಾತ್ರ ಆವರಣದೊಳಗೆ ಒಂದು ಸಾಲು ಸಾಕು:

"ತೋಟದಲ್ಲಿ ಯಾರೂ ಇಲ್ಲ" ಅಂದಳು ಕಾವೇರಿ. (ಚಿತ್ರ: ಕಾಫಿ ಗಿಡಗಳ ಮೇಲೆ ಆನೆಯ ಬೆನ್ನು ಕಾಣುತ್ತದೆ.)

ಆ ಸಾಲಿಲ್ಲದಿದ್ದರೆ ಸಂಪಾದಕರಿಗೆ ನಗುವಿನ ಗುಟ್ಟೇ ಸಿಗುವುದಿಲ್ಲ.

ಕೊಡಗಿನ ಕಥೆಗಳಿಗೆ ಇನ್ನೊಂದು ಎಚ್ಚರ ಬೇಕು. ನನ್ನದೊಂದು ಕಥೆಯಲ್ಲಿ ಹುಡುಗಿ ಅಜ್ಜನ ಜೊತೆ ಕೊಡಗಿನ ಸುಗ್ಗಿ ಹಬ್ಬ ಪುತ್ತರಿಗೆ ಕದಿರು (ಹೊಸ ಭತ್ತದ ತೆನೆ) ತೆಗೆಯಲು ಗದ್ದೆಗೆ ಹೋಗುತ್ತಾಳೆ. ಕದಿರು ತೆಗೆಯುವುದು ರಾತ್ರಿ, ಹುಣ್ಣಿಮೆಯ ಆಸುಪಾಸಿನ ಬೆಳದಿಂಗಳಲ್ಲಿ. ಇಲ್ಲಿ ಮಕ್ಕಳಿಗೂ ಗೊತ್ತಿರುವ ಮಾತೆಂದು ನಾನು ಬರೆದಿರಲಿಲ್ಲ. ಬಣ್ಣ ತುಂಬಿ ಬಂದ ಚಿತ್ರದಲ್ಲಿ ನೆತ್ತಿಯ ಮೇಲೆ ಸೂರ್ಯ! ಅಜ್ಜಿಯ ಸೀರೆಯ ನೆರಿಗೆ ಮುಂದುಗಡೆ. ಕೊಡವ ಹೆಂಗಸರು ನೆರಿಗೆಯನ್ನು ಹಿಂದಕ್ಕೆ ಉಡುತ್ತಾರೆಂದು ಗದ್ದೆ ಬದಿ ಕಾಣದ ಆ ಕಲಾವಿದರಿಗೆ ಹೇಗೆ ತಿಳಿಯಬೇಕು? ತಪ್ಪು ನನ್ನದೇ.

ಆದ್ದರಿಂದ ಕಥೆ ಒಪ್ಪಿಗೆಯಾದ ಕೂಡಲೇ ಒಂದು ಪುಟದ ಟಿಪ್ಪಣಿ, ಹತ್ತಾರು ಫೋಟೋ ಕಳಿಸಿ: ಐನ್‌ಮನೆಯ (ಕೊಡವ ಮನೆತನದ ಮೂಲಮನೆ) ಜಗಲಿ, ಗಂಡಸರು ತೊಡುವ ಕುಪ್ಯ (ಉದ್ದನೆಯ ಅಂಗಿ), ಚೇಲೆ (ಸೊಂಟಪಟ್ಟಿ), ಸೊಂಟಕ್ಕೆ ಪೀಚೆಕತ್ತಿ ಸಿಕ್ಕಿಸುವ ರೀತಿ. ಕಾಫಿ ಹೂ ಅರಳುವುದು ಬೇಸಿಗೆಯ ಮೊದಲ ಮಳೆ ಬಿದ್ದ ಮೇಲೆ, ಹಣ್ಣು ಕೆಂಪಾಗುವುದು ಚಳಿಗಾಲದಲ್ಲಿ ಎಂಬಂಥದ್ದನ್ನೂ ಬರೆಯಿರಿ. ಪೆನ್ಸಿಲ್ ಕರಡು ಇರುವಾಗಲೇ ತೋರಿಸಿ ಎಂದು ಸಂಪಾದಕರನ್ನು ಕೇಳಿ. ಬಣ್ಣ ಹಾಕಿದ ಮೇಲೆ ತಿದ್ದುವುದು ಕಲಾವಿದರಿಗೆ ನಿಜವಾಗಿಯೂ ಹಿಂಸೆ.

ನೀವೇ ಚಿತ್ರ ಬರೆಯುವವರಾದರೆ ಆ ಮಡಚಿದ ಪುಸ್ತಕದಲ್ಲೇ ಗೆರೆಚಿತ್ರ ಹಾಕಿ, ಬಣ್ಣದ ಒಂದೆರಡು ಚಿತ್ರಗಳ ಜೊತೆ ಕಳಿಸಿ. ಮೂಲಚಿತ್ರ ಮಾತ್ರ ನಿಮ್ಮಲ್ಲೇ ಇಟ್ಟುಕೊಂಡು ಪ್ರತಿ ಕಳಿಸಿ. ನಮ್ಮ ಮಳೆಗಾಲದಲ್ಲಿ ಜಲವರ್ಣದ ಹಾಳೆ ಮನೆಯೊಳಗೇ ಬೂಸ್ಟು ಹಿಡಿಯುತ್ತದೆ, ಅಂಚೆಯ ಪಾಡು ಕೇಳಬೇಕೇ? 300 ಡಿಪಿಐಯಲ್ಲಿ (ಇಂಚಿಗೆ 300 ಚುಕ್ಕೆ) ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಕಥೆಯನ್ನಷ್ಟೇ ತೆಗೆದುಕೊಂಡರೂ ಒಪ್ಪಿಗೆಯೇ ಎನ್ನುವುದನ್ನು ಪತ್ರದಲ್ಲಿ ತಿಳಿಸಿ.

ಕಥೆಯನ್ನು ಎಲ್ಲ ಕಂಪ್ಯೂಟರಿನಲ್ಲೂ ಓದಬಹುದಾದ ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೆಯ ಫಾಂಟ್‌ನ ಫೈಲು ಬೇರೆ ಕಂಪ್ಯೂಟರಿನಲ್ಲಿ ಓದಲಾಗದಂತೆ ಚೆಲ್ಲಾಪಿಲ್ಲಿಯಾಗಬಹುದು. ಗೂಗಲ್‌ನಲ್ಲಿ ಸಿಕ್ಕ ಚಿತ್ರ ಅಂಟಿಸಬೇಡಿ. ಮುಕ್ತ ಪರವಾನಗಿಯ (ಕಲಾವಿದರ ಹೆಸರು ಹಾಕಿ ಯಾರೂ ಬಳಸಬಹುದಾದ) ಚಿತ್ರ ಬೇಕಾದವರಿಗೆ ಮಕ್ಕಳ ಪುಸ್ತಕಗಳ ಪ್ರಕಾಶನ ಸಂಸ್ಥೆ ಪ್ರಥಮ್ ಬುಕ್ಸ್ 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ಜಾಲತಾಣ ಇದೆ. ಅಲ್ಲಿನ ಚಿತ್ರಗಳಿಗೆ ಹೊಸ ಕಥೆ ಕಟ್ಟಿ ಪ್ರಕಟಿಸಲೂಬಹುದು.

ಕೊನೆಗೆ ಕರಾರು. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಥೆ ಬೇರೆ ಕೃತಿ, ಚಿತ್ರ ಬೇರೆ ಕೃತಿ. ಹಕ್ಕು ಬಿಟ್ಟುಕೊಡುವುದು ಬರಹದಲ್ಲೇ ಆಗಬೇಕು. ಅವಧಿ ನಮೂದಿಸದಿದ್ದರೆ ಕಾಯ್ದೆ ಅದನ್ನು 5 ವರ್ಷ ಎಂದು ಪರಿಗಣಿಸುತ್ತದೆ. ನಿಮ್ಮ ಕಥೆಗೆ ಬರೆದದ್ದೇ ಆದರೂ ಆ ಚಿತ್ರಗಳನ್ನು ಕೇಳದೆ ಕ್ಯಾಲೆಂಡರ್ ಮಾಡಿಸುವಂತಿಲ್ಲ. ಪುಸ್ತಕ ಬಂದ ದಿನ ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಮುಖಪುಟ ಹಾಕುವಾಗ ನಿಮ್ಮ ಹೆಸರಿನ ಪಕ್ಕ ಕಲಾವಿದರ ಹೆಸರನ್ನೂ ಬರೆಯಿರಿ.