ಗಲ್ಲು ಶಿಕ್ಷೆ ಬೇಕೋ ಬೇಡವೋ: ವಾದಕ್ಕಿಳಿಯುವ ಮೊದಲು ಹುಡುಕುವುದು ಹೀಗೆ

ಹೋದ ಭಾನುವಾರ ಶಿಡ್ಲಘಟ್ಟದಿಂದ ಅಕ್ಕನ ಮಗಳು ಬಂದಿದ್ದಳು. ಎರಡನೇ ಪಿಯುಸಿ. ಕಾಲೇಜಿನಲ್ಲಿ ಚರ್ಚಾ ಸ್ಪರ್ಧೆಯಂತೆ. ವಿಷಯ: ‘ಮರಣದಂಡನೆ ಇರಬೇಕೇ?’ ಪರವೋ ವಿರೋಧವೋ ಅನ್ನುವುದು ವೇದಿಕೆ ಹತ್ತುವ ಸ್ವಲ್ಪ ಮೊದಲು ಚೀಟಿ ಎತ್ತಿದ ಮೇಲೇ ಗೊತ್ತಾಗುವುದು.

“ಎರಡೂ ಕಡೆ ರೆಡಿ ಮಾಡ್ಕೋಬೇಕು ಮಾಮ. ನೆಟ್‌ನಲ್ಲಿ ಎಲ್ಲಾ ಹುಡುಕಿದೀನಿ, ನೋಡು” ಎಂದು ಫೋನ್ ಕೈಗಿಟ್ಟಳು.

ನೋಡಿದೆ. ಹನ್ನೆರಡು ಚಿಕ್ಕ ವಿಡಿಯೊ. ನೇಣಿನ ಹಗ್ಗದ ಚಿತ್ರ, ಹಿಂದೆ ಎದೆ ನಡುಗಿಸುವ ಸಂಗೀತ. ಜೊತೆಗೆ ನಾಲ್ಕು ವಾಟ್ಸ್‌ಆ್ಯಪ್ ಫಾರ್ವರ್ಡ್. ಯಾವುದನ್ನು ಯಾರು ಬರೆದರು, ಯಾವಾಗ ಬರೆದರು, ಒಂದಕ್ಕೂ ಗುರುತಿಲ್ಲ. ಇವರ ಊರಿನ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಗೂಡನ್ನು ಕೈಗೆತ್ತಿಕೊಂಡು ನೋಡದೆ ಯಾರೂ ಹರಾಜು ಕೂಗುವುದಿಲ್ಲ. ಫೋನಿನಲ್ಲಿ ಬಂದದ್ದನ್ನು ಮಾತ್ರ ನಾವೆಲ್ಲ ಕಣ್ಣು ಮುಚ್ಚಿ ಕೊಂಡುಬಿಡುತ್ತೇವೆ, ಅಲ್ವಾ?

ಆವತ್ತು ಸಂಜೆ ಇಬ್ಬರೂ ಕೂತು ಮೊದಲಿಂದ ಹುಡುಕಿದೆವು. ಆ ದಾರಿಯನ್ನೇ ಇಲ್ಲಿ ಬರೆದಿದ್ದೇನೆ. ಸ್ಪರ್ಧೆಗೆ ಹೋಗುವವರಿಗೆ, ಕಾನೂನು ಓದುವವರಿಗೆ, ಸುಮ್ನೆ ತಿಳಿದುಕೊಳ್ಳಬೇಕು ಅನ್ನುವವರಿಗೂ ಉಪಯೋಗವಾದೀತು.

ಮೊದಲು ಪದ ಸರಿಮಾಡಿಕೊಳ್ಳಿ

‘ಗಲ್ಲು ಶಿಕ್ಷೆ’ ಎಂದು ಹುಡುಕಿದರೆ ಆ ವಾರದ ಸುದ್ದಿ ಸಾಲಾಗಿ ಬರುತ್ತದೆ. ಎಲ್ಲೋ ಘೋರ ಕೊಲೆ, ಆರೋಪಿಯನ್ನು ಗಲ್ಲಿಗೇರಿಸಿ ಎಂದು ಪ್ರತಿಭಟನೆ. ಚರ್ಚೆಗೆ ಬೇಕಾದ್ದು ಅದಲ್ಲ. ‘ಮರಣದಂಡನೆ’ ಎಂದು ಒಂದೇ ಪದವಾಗಿ ಹಾಕಿ ನೋಡಿ, ‘ಮರಣ ದಂಡನೆ’ ಎಂದು ಬಿಡಿಸಿಯೂ ಹಾಕಿ. ಫಲಿತಾಂಶ ಬೇರೆ ಬೇರೆ ಬರುತ್ತದೆ. ಪಕ್ಕದಲ್ಲಿ ‘ತೀರ್ಪು’, ‘ಕಾನೂನು ಆಯೋಗ’, ‘ಕ್ಷಮಾದಾನ’, ‘ಅಪರೂಪದಲ್ಲಿ ಅಪರೂಪ’, ಇವುಗಳಲ್ಲಿ ಒಂದನ್ನು ಸೇರಿಸಿದರೆ ಸುದ್ದಿಯ ಗದ್ದಲ ಕಡಿಮೆಯಾಗುತ್ತದೆ.

ಇನ್ನೊಂದು ಮಾತು. ‘ಗಲ್ಲು ಶಿಕ್ಷೆ ಯಾಕೆ ಬೇಕು’ ಎಂದು ಕೇಳಿದರೆ ಹುಡುಕುವ ಯಂತ್ರವು ‘ಬೇಕು’ ಅನ್ನುವವರನ್ನೇ ತಂದು ನಿಲ್ಲಿಸುತ್ತದೆ. ‘ಯಾಕೆ ಬೇಡ’ ಎಂದರೆ ಬೇಡ ಅನ್ನುವವರನ್ನು. ನಮ್ಮ ಪ್ರಶ್ನೆಯಲ್ಲೇ ಉತ್ತರ ಇಟ್ಟುಕೊಂಡು ಹುಡುಕಬಾರದು.

ಕನ್ನಡದಲ್ಲಿ ಈ ವಿಷಯದ ಮೂಲ ದಾಖಲೆಗಳು ಕಡಿಮೆ. ಬೇಜಾರಿನ ಸಂಗತಿ, ಆದರೆ ಇರುವುದು ಹಾಗೆ. ಹಾಗಾಗಿ ‘ಡೆತ್ ಪೆನಾಲ್ಟಿ’, ‘ಕ್ಯಾಪಿಟಲ್ ಪನಿಷ್‌ಮೆಂಟ್’ ಎಂದು ಇಂಗ್ಲಿಷಿನಲ್ಲೂ ಹುಡುಕಬೇಕಾಗುತ್ತದೆ. ಅನುವಾದದ ಆ್ಯಪ್ ಬಳಸಿ ಓದಬಹುದು. ಕಾನೂನಿನ ಪದ ಬಂದಾಗ ಮಾತ್ರ ಅದನ್ನು ಪೂರ್ತಿ ನಂಬಬೇಡಿ.

1949ರಿಂದ ಶುರು ಮಾಡಿ

ಅಂಬೇಡ್ಕರ್ ಗಲ್ಲು ಶಿಕ್ಷೆಗೆ ವಿರೋಧ ಇದ್ದರು ಎಂಬ ಫಾರ್ವರ್ಡ್ ನಿಮಗೂ ಬಂದಿರಬಹುದು. ಮಾತು ನಿಜವೇ. ಆದರೆ ಯಾವ ಸಂದರ್ಭದಲ್ಲಿ ಹೇಳಿದರು? ಸಂವಿಧಾನ ಸಭೆಯ ಚರ್ಚೆ ತೆಗೆದು 1949ರ ಜೂನ್ 3ರ ಪುಟಕ್ಕೆ ಹೋಗಿ. ಮರಣದಂಡನೆಯಾದವರಿಗೆಲ್ಲ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹೋಗುವ ಅವಕಾಶ ಬೇಕು ಎಂದು ಕೆಲವು ಸದಸ್ಯರು ಕೇಳುತ್ತಿದ್ದರು. ಅದಕ್ಕೆ ಉತ್ತರ ಕೊಡುವಾಗ ಅಂಬೇಡ್ಕರ್, ಅದಕ್ಕಿಂತ ಈ ಶಿಕ್ಷೆಯನ್ನೇ ತೆಗೆದುಹಾಕುವುದನ್ನು ನಾನು ಬೆಂಬಲಿಸುತ್ತೇನೆ ಎಂದರು. ಅಹಿಂಸೆಯನ್ನು ನಂಬುವ ದೇಶಕ್ಕೆ ಅದೇ ಸರಿ ಎಂಬುದು ಅವರ ವಾದ. ಹಿಂದಿನ ಎರಡು ಪುಟ, ಮುಂದಿನ ಎರಡು ಪುಟ ಓದಿದರೆ ಮಾತಿನ ತೂಕ ಗೊತ್ತಾಗುತ್ತದೆ. ಬೆಂಗಳೂರಿನ ಸೆಂಟರ್ ಫಾರ್ ಲಾ ಅಂಡ್ ಪಾಲಿಸಿ ರಿಸರ್ಚ್ ಸಂಸ್ಥೆ ನಡೆಸುವ ‘ಕಾನ್ಸ್ಟಿಟ್ಯೂಷನ್ ಆಫ್ ಇಂಡಿಯಾ’ ಜಾಲತಾಣದಲ್ಲಿ ದಿನಾಂಕದ ಪ್ರಕಾರ ಈ ಚರ್ಚೆಗಳು ಸಿಗುತ್ತವೆ. ದುಡ್ಡು ಕೊಡಬೇಕಾಗಿಲ್ಲ.

ನನ್ನ ಸೊಸೆಯ ಭಾಷಣದ ಮೊದಲ ಸಾಲು ಗಾಂಧೀಜಿಯದಾಗಿತ್ತು. ಕಣ್ಣಿಗೆ ಕಣ್ಣು ಅಂತ ಹೊರಟರೆ ಜಗತ್ತೇ ಕುರುಡಾಗುತ್ತದೆ ಅನ್ನುವುದು. ಇದು ಗಾಂಧಿಯವರ ಬರಹದಲ್ಲಿ ಇದೆ ಎನ್ನಲು ಖಚಿತ ಆಧಾರ ಸಿಕ್ಕಿಲ್ಲ. ನಾನೂ ಹಿಂದೆ ಒಂದು ಸಭೆಯಲ್ಲಿ ಇದನ್ನೇ ಗಾಂಧೀಜಿ ಹೆಸರಲ್ಲಿ ಹೇಳಿ, ಎದುರಿಗೆ ಕೂತಿದ್ದ ನಿವೃತ್ತ ಮೇಷ್ಟ್ರೊಬ್ಬರಿಂದ “ಎಲ್ಲಿ ಬರೆದಿದ್ದಾರಪ್ಪಾ?” ಅನ್ನಿಸಿಕೊಂಡಿದ್ದೇನೆ. ಸಾಬರಮತಿ ಆಶ್ರಮ ನಡೆಸುವ ಗಾಂಧಿ ಹೆರಿಟೇಜ್ ಪೋರ್ಟಲ್‌ನಲ್ಲಿ ಅವರ ಬರಹಗಳೆಲ್ಲ ಇವೆ. ಅಲ್ಲಿ ಸಿಗದ ಮಾತನ್ನು ಅವರ ಬಾಯಿಗೆ ಹಾಕುವುದು ಬೇಡ.

ತೀರ್ಪು ಓದಲು ಹೆದರಬೇಡಿ

ಇದು ಮುಖ್ಯ ಹೆಜ್ಜೆ. ಜಾಸ್ತಿ ಹೊತ್ತು ಕಳೆಯಬೇಕಾದ್ದು ಇಲ್ಲೇ. ತೀರ್ಪು ಅಂದರೆ ವಕೀಲರು ಮಾತ್ರ ಓದುವಂಥದ್ದು ಎಂದು ಎಲ್ಲರೂ ಅಂದುಕೊಂಡಿರುತ್ತಾರೆ. 2008ರಲ್ಲಿ ಶುರುವಾದ ‘ಇಂಡಿಯನ್ ಕಾನೂನ್’ ಜಾಲತಾಣದಲ್ಲಿ ಪ್ರಕರಣದ ಹೆಸರು ಹಾಕಿದರೆ ತೀರ್ಪಿನ ಪೂರ್ತಿ ಪಠ್ಯ ಬರುತ್ತದೆ. ಸುಪ್ರೀಂ ಕೋರ್ಟಿನದೇ ‘ಇ-ಎಸ್‌ಸಿಆರ್’ 2023ರ ಜನವರಿಯಿಂದ ಇದೆ, ಅದೂ ಉಚಿತ. ಕೆಲವು ತೀರ್ಪುಗಳ ಕನ್ನಡ ಅನುವಾದವೂ ಅಲ್ಲಿ ಸಿಗುತ್ತದೆ. ಅನುವಾದ ಅರ್ಥವಾಗಲಿ ಎಂದು ಇರುವುದು. ಅಧಿಕೃತ ಅನ್ನುವುದು ಇಂಗ್ಲಿಷ್ ಪಠ್ಯವೇ.

ಮೊದಲು ಓದಬೇಕಾದ್ದು ಬಚನ್ ಸಿಂಗ್ ವಿರುದ್ಧ ಪಂಜಾಬ್ ರಾಜ್ಯ, 1980. ಐವರು ನ್ಯಾಯಮೂರ್ತಿಗಳ ಪೀಠ. ನಾಲ್ವರು ಮರಣದಂಡನೆ ಸಂವಿಧಾನಕ್ಕೆ ವಿರುದ್ಧವಲ್ಲ ಎಂದರು. ಆದರೆ ಜೀವಾವಧಿಯೇ ನಿಯಮ, ಗಲ್ಲು ಅಪವಾದ ಎಂದೂ ಹೇಳಿದರು. ನಾವು ಟಿವಿಯಲ್ಲಿ ಕೇಳುವ ‘ಅಪರೂಪದಲ್ಲಿ ಅಪರೂಪದ ಪ್ರಕರಣ’ ಹುಟ್ಟಿದ್ದು ಇಲ್ಲಿ. ಐದನೆಯವರು ಪಿ.ಎನ್. ಭಗವತಿ. ಅವರು ಒಪ್ಪಲಿಲ್ಲ. ಯಾರು ಉಳಿಯುತ್ತಾರೆ, ಯಾರು ಸಾಯುತ್ತಾರೆ ಅನ್ನುವುದು ಯಾವ ಪೀಠದ ಮುಂದೆ ಬಂದರು ಅನ್ನುವುದರ ಮೇಲೆ ನಿಂತಿದೆ ಎಂಬುದು ಅವರ ದೊಡ್ಡ ಆಕ್ಷೇಪ. ಅವರ ಕಾರಣಗಳು 1982ರಲ್ಲಿ ಹೊರಬಂದವು, ಬೇರೆಯಾಗಿ ಹುಡುಕಬೇಕು. ಚೀಟಿಯಲ್ಲಿ ಪರ ಬಂದರೆ ನಾಲ್ವರನ್ನು ಹಿಡಿಯಿರಿ, ವಿರೋಧ ಬಂದರೆ ಭಗವತಿಯವರನ್ನು. ಇಬ್ಬರನ್ನೂ ಓದಿದವರನ್ನು ವೇದಿಕೆಯಲ್ಲಿ ಸೋಲಿಸುವುದು ಕಷ್ಟ.

ನೂರಾರು ಪುಟ ಇರುತ್ತದಲ್ಲ ಅನ್ನಬಹುದು. ಪೂರ್ತಿ ಓದಬೇಕಿಲ್ಲ. ಫೋನಿನ ಬ್ರೌಸರ್‌ನ ಮೂರು ಚುಕ್ಕಿ ಒತ್ತಿ, ‘ಫೈಂಡ್ ಇನ್ ಪೇಜ್’ನಲ್ಲಿ ಬೇಕಾದ ಪದ ಹಾಕಿ. ಆ ಜಾಗಕ್ಕೆ ಹೋಗಿ ಹಿಂದೆ ಮುಂದೆ ಎರಡು ಪ್ಯಾರಾ ಓದಿ. ಮೇಲೆ ‘ಸೈಟೆಡ್ ಬೈ’ ಎಂದು ಒಂದು ಕೊಂಡಿ ಇರುತ್ತದೆ. ಈ ತೀರ್ಪನ್ನು ಮುಂದೆ ಯಾವ ಯಾವ ತೀರ್ಪಿನಲ್ಲಿ ಎತ್ತಿಕೊಂಡಿದ್ದಾರೆ ಅನ್ನುವ ಪಟ್ಟಿ ಅದು. ಹಾಗೆ ಹಿಡಿದು ಹೋದರೆ 1983ರ ಮಚ್ಛಿ ಸಿಂಗ್ ಸಿಗುತ್ತದೆ, 2022ರ ಮನೋಜ್ ಪ್ರಕರಣವೂ ಸಿಗುತ್ತದೆ. ಒಂದು ಎಳೆ ಸಿಕ್ಕರೆ ನೂಲು ತಾನೇ ಬಿಚ್ಚಿಕೊಳ್ಳುತ್ತದೆ. ಶಿಡ್ಲಘಟ್ಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಮ್ಮ ರಾಜ್ಯದ ಪ್ರಕರಣಗಳನ್ನೇ ಓದಿದರೆ ಇನ್ನೂ ಬೇಗ ತಲೆಗೆ ಹತ್ತುತ್ತದೆ. ಮೂರು ಹೇಳುತ್ತೇನೆ.

ಸ್ವಾಮಿ ಶ್ರದ್ಧಾನಂದ ವಿರುದ್ಧ ಕರ್ನಾಟಕ ರಾಜ್ಯ, 2008. ಬೆಂಗಳೂರಿನಲ್ಲಿ ಹೆಂಡತಿಯನ್ನು ಕೊಂದು ಮನೆಯ ಅಂಗಳದಲ್ಲೇ ಹೂತ ಪ್ರಕರಣ. ಗಲ್ಲು ಸರಿಯೇ ಎಂಬುದರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಿಗೇ ಒಮ್ಮತ ಬರಲಿಲ್ಲ. ಮೂವರ ಪೀಠಕ್ಕೆ ಹೋಯಿತು. ಅವರು ಗಲ್ಲು ತಪ್ಪಿಸಿ, ಸಾಯುವ ತನಕ ಬಿಡುಗಡೆಯಿಲ್ಲದ ಜೀವಾವಧಿ ಎಂದರು. ಚರ್ಚಾ ಸ್ಪರ್ಧೆಗಳಲ್ಲಿ ಈ ನಡುವಿನ ದಾರಿಯನ್ನು ಎಲ್ಲರೂ ಮರೆಯುತ್ತಾರೆ. ಒಂದೋ ನೇಣು, ಇಲ್ಲವೋ ಹದಿನಾಲ್ಕು ವರ್ಷಕ್ಕೆ ಹೊರಗೆ ಎಂದೇ ಮಾತು.

ಎರಡನೆಯದು 1993ರಲ್ಲಿ ವೀರಪ್ಪನ್ ತಂಡ ನಡೆಸಿದ ಪಾಲಾರ್ ಸ್ಫೋಟದ್ದು. ವೀರಪ್ಪನ್‌ನ ನಾಲ್ವರು ಸಹಚರರಿಗೆ ಮೈಸೂರಿನ ಟಾಡಾ ಕೋರ್ಟ್ (ಭಯೋತ್ಪಾದನೆ ತಡೆ ಕಾನೂನಿನ ವಿಶೇಷ ಕೋರ್ಟ್) ಕೊಟ್ಟದ್ದು ಜೀವಾವಧಿ. 2004ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಗಲ್ಲಿಗೆ ಏರಿಸಿತು. ಕ್ಷಮಾದಾನದ ಅರ್ಜಿ ಒಂಬತ್ತು ವರ್ಷ ಕೂತಿತು. 2014ರ ಜನವರಿಯಲ್ಲಿ ಶತ್ರುಘ್ನ ಚೌಹಾಣ್ ತೀರ್ಪಿನಲ್ಲಿ ಅದೇ ಕೋರ್ಟ್, ಒಟ್ಟು 15 ಮಂದಿಯ ಗಲ್ಲನ್ನು ಜೀವಾವಧಿಗೆ ಇಳಿಸಿತು. ಈ ನಾಲ್ವರೂ ಅದರಲ್ಲಿದ್ದರು. ವಿಳಂಬವೇ ಅಲ್ಲಿ ದೊಡ್ಡ ಕಾರಣ.

ಮೂರನೆಯದು 2022ರ ಬಿ.ಎ. ಉಮೇಶ್ ಪ್ರಕರಣ, ಅತ್ಯಾಚಾರ ಮತ್ತು ಕೊಲೆಯದು. ಬೆಳಗಾವಿ ಜೈಲಿನಲ್ಲಿ ವರ್ಷಗಟ್ಟಲೆ ಒಂಟಿ ಸೆರೆಯಲ್ಲಿ ಇಟ್ಟದ್ದು ಕಾನೂನಿಗೆ ವಿರುದ್ಧ ಎಂದು ಗಲ್ಲು ಕನಿಷ್ಠ 30 ವರ್ಷದ ಸೆರೆಯಾಯಿತು. ಅಪರಾಧದ ಘೋರತೆಯ ಬಗ್ಗೆ ಅಲ್ಲಿ ತಕರಾರಿಲ್ಲ. ಆದರೂ ಶಿಕ್ಷೆ ಬದಲಾಯಿತು. ಇದನ್ನು ಓದಿ ನನ್ನ ಸೊಸೆ ಸಿಟ್ಟಾದಳು. ಸಿಟ್ಟಾಗಲಿ, ಕಾರಣ ಓದಿ ಸಿಟ್ಟಾದಳಲ್ಲ.

ಪರ ಇರುವವರಿಗೆ ಸರಕು ಎಲ್ಲಿ?

ಅಂತರ್ಜಾಲದಲ್ಲಿ ಅಚ್ಚುಕಟ್ಟಾಗಿ ಜೋಡಿಸಿಟ್ಟ ಸಾಮಗ್ರಿ ಹೆಚ್ಚಾಗಿ ವಿರೋಧಿಗಳದು. ಪರ ಇರುವವರು ಜಾಸ್ತಿ ಕೂಗುತ್ತಾರೆ, ಕಡಿಮೆ ಬರೆಯುತ್ತಾರೆ. ಇದು ನನ್ನ ಅನಿಸಿಕೆ. ಅವರ ಗಟ್ಟಿ ವಾದ ಬೇಕೆಂದರೆ, ಕಾನೂನು ಸುಧಾರಣೆಗೆ ಸರ್ಕಾರಕ್ಕೆ ಸಲಹೆ ಕೊಡುವ ಕಾನೂನು ಆಯೋಗದ ಜಾಲತಾಣಕ್ಕೆ ಹೋಗಿ 1967ರ 35ನೇ ವರದಿ ಇಳಿಸಿಕೊಳ್ಳಿ. ದೇಶದ ವಿಸ್ತಾರ, ಜನರ ವೈವಿಧ್ಯ, ಶಿಕ್ಷಣದ ಮಟ್ಟ, ಕಾನೂನು ಸುವ್ಯವಸ್ಥೆ ಇದನ್ನೆಲ್ಲ ನೋಡಿದರೆ ಗಲ್ಲು ತೆಗೆಯುವ ಪ್ರಯೋಗಕ್ಕೆ ಕೈ ಹಾಕಲಾಗದು ಎಂದು ಅದು ಹೇಳಿತು.

ಅದರ ಪಕ್ಕ 2015ರ 262ನೇ ವರದಿ ಇಟ್ಟುಕೊಳ್ಳಿ. ನ್ಯಾಯಮೂರ್ತಿ ಎ.ಪಿ. ಶಾ ಅಧ್ಯಕ್ಷರು. ಭಯೋತ್ಪಾದನೆ ಮತ್ತು ದೇಶದ ವಿರುದ್ಧ ಯುದ್ಧ ಸಾರುವ ಅಪರಾಧ ಬಿಟ್ಟು ಉಳಿದದ್ದಕ್ಕೆಲ್ಲ ಗಲ್ಲು ತೆಗೆಯಿರಿ ಎಂದು ಶಿಫಾರಸು. ಸುದ್ದಿಯಲ್ಲಿ ಇಷ್ಟೇ ಬಂತು. ಆದರೆ ಮೂವರು ಸದಸ್ಯರು ಒಪ್ಪದೆ ಬೇರೆ ಟಿಪ್ಪಣಿ ಬರೆದಿದ್ದಾರೆ. ಅವು ವರದಿಯ ಕೊನೆಯಲ್ಲಿವೆ. ಪರ ಮಾತಾಡುವವರಿಗೆ ಈಚಿನ ಒಳ್ಳೆಯ ಸರಕು ಅಲ್ಲೇ ಇದೆ. ಕೊನೆಯ ಪುಟಗಳನ್ನು ಯಾರೂ ತೆರೆಯುವುದಿಲ್ಲ, ನೀವು ತೆರೆಯಿರಿ.

ಹೀಗೇ, ದೆಹಲಿಯ ನಿರ್ಭಯಾ ಪ್ರಕರಣದ ನಂತರ ರಚಿಸಿದ ವರ್ಮಾ ಸಮಿತಿಯ 2013ರ ವರದಿ. ಅತ್ಯಾಚಾರಕ್ಕೆ ಗಲ್ಲು ಬೇಡ ಎಂದು ಸಮಿತಿ ಹೇಳಿತ್ತು. ಅದೇ ವರ್ಷ ಬಂದ ತಿದ್ದುಪಡಿ ಕೆಲವು ಸಂದರ್ಭಗಳಿಗೆ ಗಲ್ಲು ಸೇರಿಸಿತು. ಸಂಸತ್ತಿನಲ್ಲಿ ಯಾರು ಏನಂದರು ಎಂಬುದು ‘ಸಂಸದ್’ ಜಾಲತಾಣದಲ್ಲಿದೆ.

ಅಂಕಿ ಬಂದರೆ ಎರಡು ಸಲ ನೋಡಿ

‘ಇಷ್ಟು ಜನಕ್ಕೆ ಗಲ್ಲು’ ಎಂದರೆ ಏನರ್ಥ? ಸೆಷನ್ಸ್ ಕೋರ್ಟ್ ವಿಧಿಸಿದ್ದೋ, ಹೈಕೋರ್ಟ್ ಎತ್ತಿಹಿಡಿದದ್ದೋ, ನಿಜವಾಗಿ ನೇಣಾದದ್ದೋ? ಸೆಷನ್ಸ್ ಕೋರ್ಟಿನ ಗಲ್ಲು ಹೈಕೋರ್ಟ್ ಒಪ್ಪದೆ ಜಾರಿಯಾಗುವುದಿಲ್ಲ. 2023ರಲ್ಲಿ ಕೆಳ ಕೋರ್ಟುಗಳು ಕೊಟ್ಟ ಮರಣದಂಡನೆ 120. ಆ ವರ್ಷದ ಕೊನೆಗೆ ಗಲ್ಲಿನ ನೆರಳಲ್ಲಿ ಜೈಲಿನಲ್ಲಿದ್ದವರು 561. ಆದರೆ 2000ದಿಂದ ಈಚೆಗೆ ದೇಶದಲ್ಲಿ ನೇಣಾದವರು 8 ಮಂದಿ. 2004, 2012, 2013, 2015ರಲ್ಲಿ ಒಬ್ಬೊಬ್ಬರು, 2020ರ ಮಾರ್ಚ್ 20ರಂದು ತಿಹಾರ್‌ನಲ್ಲಿ ನಾಲ್ವರು. ಮೂರೂ ಗಲ್ಲಿನ ಲೆಕ್ಕವೇ, ಮೂರೂ ಬೇರೆ ಬೇರೆ.

120, 561 ಸಿಗುವುದು ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದಲ್ಲಿ ಶುರುವಾದ ‘ಪ್ರಾಜೆಕ್ಟ್ 39ಎ’ಯ ವಾರ್ಷಿಕ ವರದಿಯಲ್ಲಿ. ಅವರದೇ 2016ರ ದೊಡ್ಡ ಅಧ್ಯಯನಕ್ಕೆ 373 ಕೈದಿಗಳನ್ನು ಮಾತಾಡಿಸಿದ್ದಾರೆ. ಸುಮಾರು ಮುಕ್ಕಾಲು ಪಾಲು ಜನ ಆರ್ಥಿಕವಾಗಿ ಕೆಳಗಿರುವವರು ಎಂಬುದು ಅಲ್ಲಿ ಬಂದಿದೆ. ಸರ್ಕಾರದ ಲೆಕ್ಕ ಬೇಕೆಂದರೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ (ಎನ್‌ಸಿಆರ್‌ಬಿ) ‘ಪ್ರಿಸನ್ ಸ್ಟ್ಯಾಟಿಸ್ಟಿಕ್ಸ್ ಇಂಡಿಯಾ’ ನೋಡಿ.

ಜಗತ್ತಿನ ಲೆಕ್ಕಕ್ಕೆ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಪ್ರತಿವರ್ಷ ವರದಿ ತರುತ್ತದೆ. ಅದು ಗಲ್ಲನ್ನು ಪೂರ್ತಿ ವಿರೋಧಿಸುವ ಸಂಸ್ಥೆ ಎಂಬುದು ಓದುವಾಗ ನೆನಪಿರಲಿ. ವಿರೋಧಿ ಎಂದ ಮಾತ್ರಕ್ಕೆ ಲೆಕ್ಕ ಸುಳ್ಳಾಗುವುದಿಲ್ಲ. ಅಲ್ಲಿ 2023ರಲ್ಲಿ ಜಾರಿಯಾದ ಮರಣದಂಡನೆ ಕನಿಷ್ಠ 1,153 ಎಂದಿದೆ. ಚೀನಾದ್ದು ಇದರಲ್ಲಿ ಸೇರಿಲ್ಲ, ಅಲ್ಲಿ ಲೆಕ್ಕ ಸರ್ಕಾರದ ಗುಟ್ಟು. ಅಡಿಟಿಪ್ಪಣಿ ಓದದವರು ಇಲ್ಲೇ ಬೀಳುವುದು.

ಗಲ್ಲು ಇದ್ದರೆ ಕೊಲೆ ಕಡಿಮೆಯಾಗುತ್ತದೆಯೇ? ಎರಡೂ ಕಡೆಯವರು ಅಧ್ಯಯನ ಹಿಡಿದು ಬರುತ್ತಾರೆ. ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ 2012ರಲ್ಲಿ ಅಲ್ಲಿಯ ಅಧ್ಯಯನಗಳನ್ನೆಲ್ಲ ಜಾಲಿಸಿತು. ಗಲ್ಲಿನಿಂದ ಕೊಲೆ ಹೆಚ್ಚುತ್ತದೋ, ಇಳಿಯುತ್ತದೋ, ಏನೂ ಆಗುವುದಿಲ್ಲವೋ ಎಂಬುದನ್ನು ಇವು ಹೇಳಲಾರವು ಎಂದಿತು. ಇದನ್ನು ‘ಗಲ್ಲಿನಿಂದ ಪ್ರಯೋಜನವಿಲ್ಲ ಎಂದು ಸಾಬೀತಾಗಿದೆ’ ಎಂದು ತಿರುಚುವವರಿದ್ದಾರೆ. ಹಾಗೆ ಹೇಳಿಲ್ಲ.

ಇಲ್ಲಿ ನಮ್ಮ ಜಿಲ್ಲೆಯದೇ ಒಂದು ನೆನಪು ಬರುತ್ತದೆ. ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿ. 2000ರ ಮಾರ್ಚ್, ಆಗ ಕೋಲಾರ ಜಿಲ್ಲೆ. ಏಳು ಮಂದಿ ದಲಿತರನ್ನು ಮನೆಯಲ್ಲೇ ಸುಟ್ಟರು. 2006ರಲ್ಲಿ ಕೋರ್ಟಿನಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. ಶಿಕ್ಷೆ ಎಷ್ಟು ದೊಡ್ಡದು ಎಂದು ವಾದ ಮಾಡುವ ಮೊದಲು, ಶಿಕ್ಷೆ ಆಗುತ್ತದೆಯೇ ಎಂದು ಕೇಳಬೇಕು ಅನ್ನಿಸುವುದು ಇಂಥ ಕಡೆ.

ತಾರೀಕು ನೋಡಿ, ಯಂತ್ರವನ್ನು ನಂಬಬೇಡಿ

2024ರ ಜುಲೈ 1ರಿಂದ ಹೊಸ ಕಾನೂನು ಬಂದಿದೆ. ಕೊಲೆಗೆ ಹಳೆಯ ಭಾರತೀಯ ದಂಡ ಸಂಹಿತೆಯ (ಐಪಿಸಿ) ಕಲಂ 302 ಹೋಗಿ ಭಾರತೀಯ ನ್ಯಾಯ ಸಂಹಿತೆಯ 103 ಬಂತು. ಹೈಕೋರ್ಟ್ ದೃಢೀಕರಣಕ್ಕೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ (ಸಿಆರ್‌ಪಿಸಿ) ಕಲಂ 366 ಇದ್ದದ್ದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 407. ಹಳೆಯ ಲೇಖನ ಓದಿ ‘ಈಗಿನ 302’ ಎಂದರೆ ತೀರ್ಪುಗಾರರು ಅಲ್ಲೇ ಅಂಕ ಕತ್ತರಿಸುತ್ತಾರೆ.

ಎಐ ಚಾಟ್ ಕೇಳಿದರೆ ಚೆನ್ನಾಗಿ ಜೋಡಿಸಿ ಕೊಡುತ್ತದೆ. ಆದರೆ ಇಲ್ಲದ ಪ್ರಕರಣಗಳನ್ನೂ ಸಲೀಸಾಗಿ ಸೃಷ್ಟಿಸಿಬಿಡುತ್ತದೆ. ಅದು ಹೇಳಿದ ಹೆಸರನ್ನು ಇಂಡಿಯನ್ ಕಾನೂನ್‌ನಲ್ಲಿ ಹಾಕಿ ನೋಡಿ. ಸಿಗದಿದ್ದರೆ ಬಿಟ್ಟುಬಿಡಿ.

ಮನೆಯಲ್ಲಿ ನೆಟ್ ಸರಿ ಇಲ್ಲದವರು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ (ಗ್ರಂಥಾಲಯದಲ್ಲಿ) ಕಂಪ್ಯೂಟರ್ ಇದೆಯೇ ಎಂದು ವಿಚಾರಿಸಿ. ಕೇಳಿದ್ದನ್ನು, ಓದಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ಯಾರು ಹೇಳಿದ್ದು, ಯಾವ ವರ್ಷ, ಅವರು ಯಾವ ಕಡೆ.

ಸೊಸೆಯ ನೋಟ್‌ಬುಕ್ಕಿನಲ್ಲಿ ರಾತ್ರಿ ಒಂಬತ್ತರ ಹೊತ್ತಿಗೆ ಎಡಕ್ಕೆ ಹನ್ನೊಂದು, ಬಲಕ್ಕೆ ಹನ್ನೆರಡು ಸಾಲಾಗಿದ್ದವು. ಹನ್ನೆರಡು ವಿಡಿಯೊ ಅಳಿಸಿದಳು. ಬೆಳಗ್ಗೆ ಬಸ್ಸು ಹತ್ತುವ ಮೊದಲು ಕೇಳಿದ್ದು ಒಂದೇ: “ಮಾಮ, 262ನೇದು ಪೂರ್ತಿ ಪ್ರಿಂಟ್ ಹಾಕಿಸಿದ್ರೆ ಎಷ್ಟಾಗುತ್ತೆ?” ಇನ್ನೂರು ಪುಟದ ಮೇಲಿದೆ, ಕೊನೆಯ ಟಿಪ್ಪಣಿಗಳನ್ನು ಮಾತ್ರ ಹಾಕಿಸು ಎಂದೆ.